ಕಣ್ಣು ಬಿಟ್ಟು ಕಟ್ಟು

ನಮ್ಮೂರಿಗೆ ಬರುವವರು ಚಾಟ್ನಿಯ ದಿನಗಳನ್ನು ಬಿಟ್ಟು ಬರಬೇಕು. ಆಗಲೇ ಬಂದರೆ, ಯಾರೂ ಮಾತನಾಡಿಸಲಿಲ್ಲ ಎಂದು ಮುನಿಸಿಕೊಂಡು ಹೋಗಬಾರದು. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ದ್ರಾಕ್ಷಿ ಬಳ್ಳಿ. ವರ್ಷಕ್ಕೊಮ್ಮೆ ಚಾಟ್ನಿ ಮಾಡುತ್ತೇವೆ, ಎಂದರೆ ಹಳೆಯ ಕಡ್ಡಿಗಳನ್ನು ಕತ್ತರಿಸಿ ಬಳ್ಳಿಯನ್ನು ಬೋಳು ಮಾಡುತ್ತೇವೆ. ಕತ್ತರಿ ಬಿದ್ದ ಗಳಿಗೆಯಲ್ಲೇ ಆ ಬಳ್ಳಿ ಯಾರದೋ ಅವರ ಕಿವಿ ಕಟ್ಟುತ್ತದೆ. ಹತ್ತು ಹನ್ನೆರಡು ದಿನಕ್ಕೆ, ಉಳಿದ ತುಂಡು ಕಡ್ಡಿಯ ಮೇಲೆ ಮೊದಲ ಕಣ್ಣು ಬಿಟ್ಟಾಗ, ಕಿವಿಯೂ ಬಿಡುತ್ತದೆ. ಕಣ್ಣು ಎಂದರೆ ಕಡ್ಡಿಯ ಗೆಣ್ಣಿನಲ್ಲಿ ಜೋಳದ ಕಾಳಿನಷ್ಟು ಉಬ್ಬಿಕೊಂಡಿರುವ ಚಿಗುರು ಮೊಗ್ಗು. ದ್ರಾಕ್ಷಿ ಬೆಳೆಯುವವರು ಅದನ್ನು ಕಣ್ಣು ಎಂದೇ ಕರೆಯುವುದು. ಈ ಒಂದು ಪದ ನೆನಪಿಟ್ಟುಕೊಳ್ಳಿ. ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಕಿವಿ ಕಟ್ಟಿದ ದಿನಗಳಲ್ಲೂ ಊರು ತನ್ನ ಪಾಡಿಗೆ ನಡೆಯುತ್ತದೆ. ಪ್ರತಿ ಮನೆಯ ಬಾಗಿಲಿನಿಂದ ಒಂದು ಹಗ್ಗ ಹೊರಗೆ ಇಳಿಬಿದ್ದಿರುತ್ತದೆ. ಹಾಲಿನವನು ಅದನ್ನು ಜಗ್ಗಿದರೆ ಒಳಗೆ ಜಂತಿಗೆ ಕಟ್ಟಿದ ಕೆಂಪು ಬಟ್ಟೆ ಕುಣಿಯುತ್ತದೆ. ಕಾಯಿಪಲ್ಲೆ ಮಾರುವವಳು ಉದ್ದ ಕೋಲಿನ ತುದಿಗೆ ಒಂದು ಬದನೆಕಾಯಿ, ಒಂದು ಹೀರೇಕಾಯಿ ಸಿಕ್ಕಿಸಿಕೊಂಡು ಓಣಿ ಸುತ್ತುತ್ತಾಳೆ. ಜಗಳವಾಡಬೇಕು ಅನ್ನಿಸಿದವರು ಎದುರು ಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದು ಬರುತ್ತಾರೆ. ಕಿವಿ ಬಿಟ್ಟ ಮೇಲೆ ನಮ್ಮದೊಂದು ಜಗಳ ಇದೆ ಎಂದು ಅದರ ಅರ್ಥ. ಹನ್ನೆರಡು ದಿನ ಕಳೆಯುವಷ್ಟರಲ್ಲಿ ಜಗಳ ಯಾತಕ್ಕೆ ಎಂಬುದು ಇಬ್ಬರಿಗೂ ಮರೆತಿರುತ್ತದೆ, ಗೆರೆ ಮಾತ್ರ ಉಳಿಯುತ್ತದೆ. ನಮ್ಮ ಓಣಿಯ ಗೋಡೆಗಳ ಮೇಲೆ ಅಂಥ ಗೆರೆಗಳು ಬೇಕಾದಷ್ಟಿವೆ.

ಕಣ್ಣು ಬಿಡುವ ದಿನ ಹತ್ತಿರ ಬಂತೆಂದರೆ ಎಲ್ಲರ ದವಡೆಯಲ್ಲೂ ಒಂದು ಬೆಲ್ಲದ ಚೂರು. ನುಂಗುತ್ತಲೇ ಇರಬೇಕು. ಯಾಕೆಂದು ಚಾವಡಿಯ ಗೋಡೆ ನೋಡಿದರೆ ತಿಳಿಯುತ್ತದೆ. ಬಹಳ ಹಿಂದೆ ಯಾರೋ ಅಲ್ಲಿ ಪಕ್ಕಪಕ್ಕದಲ್ಲಿ ಎರಡು ಚಿತ್ರ ಬರೆಸಿದ್ದಾರೆ. ಒಂದು, ದ್ರಾಕ್ಷಿಯ ಕಣ್ಣನ್ನು ಉದ್ದಕ್ಕೆ ಸೀಳಿದ್ದು: ಹೊರಗೆ ಕಂದು ಸಿಪ್ಪೆ, ಅದರೊಳಗೆ ಹತ್ತಿಯಂಥ ತುಪ್ಪಳ, ನಡುವೆ ಮಡಚಿಕೊಂಡ ಹಸಿರು. ಇನ್ನೊಂದು ಮನುಷ್ಯನ ಕಿವಿ: ತಮಟೆಯ ಹಿಂದೆ ಒಂದು ಪುಟ್ಟ ಕೋಣೆ, ಕೋಣೆಯಲ್ಲಿ ಒಂದಕ್ಕೊಂದು ಒರಗಿದ ಮೂರು ಸಣ್ಣ ಎಲುಬು, ಅಲ್ಲಿಂದ ಗಂಟಲಿಗೆ ಇಳಿಯುವ ಒಂದು ಕೊಳವೆ. ನುಂಗಿದಾಗ, ಆಕಳಿಸಿದಾಗ ಆ ಕೊಳವೆ ಬಾಯಿ ತೆರೆಯುತ್ತದೆ, ಗಾಳಿ ಒಳಗೆ ಹೋಗುತ್ತದೆ, ಟಕ್ ಎನ್ನುತ್ತದೆ. ಕಿವಿ ಬಿಟ್ಟ ಮೇಲೆ ಮೊದಲು ಕೇಳಬೇಕಾದದ್ದು ಅವರವರ ಹೆಸರು. ಹತ್ತಿರದವರು ಕಾದು ಕುಳಿತು ಕರೆಯುತ್ತಾರೆ. ವಯಸ್ಸಾದವರನ್ನು ಹೆಸರು ಹಿಡಿದು ಕರೆಯುವವರು ಮನೆಯಲ್ಲಿ ಉಳಿದಿರುವುದಿಲ್ಲ. ಅಂಥವರಿಗೆ ಅವ್ವಾ ಎಂದೋ ಅಜ್ಜಾ ಎಂದೋ ಕೂಗಿ ನಡೆಸಿಬಿಡುತ್ತಾರೆ.

ನಾನು ಹೊರಗಿನಿಂದ ಬಂದವಳು. ಹೆಸರು ಸಾವಂತ್ರಿ. ಹೊಲಿಗೆ ಮಷೀನು ರಿಪೇರಿ ಮಾಡುವುದು ನನ್ನ ಕಸುಬು, ಅಪ್ಪ ಕಲಿಸಿದ್ದು. ಅಪ್ಪ ಮಷೀನಿನ ಹೊಟ್ಟೆ ಬಿಚ್ಚಿ ನೋಡುತ್ತಿದ್ದ. ನಾನು ಬಿಚ್ಚುವ ಮೊದಲು ಕೇಳುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಚಕ್ರ ತಿರುಗಿಸಿದರೆ ಸಾಕು, ಎಣ್ಣೆ ಒಣಗಿದ್ದು ಎಲ್ಲಿ, ಹಲ್ಲು ಸವೆದದ್ದು ಎಲ್ಲಿ, ಶಟಲ್ ಎಲ್ಲಿ ತಾಗುತ್ತದೆ ಎಲ್ಲ ತಿಳಿಯುತ್ತಿತ್ತು. ಇದು ಜಂಬ ಎಂದು ಅನ್ನುವವರು ಅನ್ನಲಿ, ನಿಜ. ಕೈಗೆ ಮಷೀನೆಣ್ಣೆ ಮೆತ್ತಿಕೊಂಡಿರುವ, ಕಣ್ಣು ಮುಚ್ಚಿಕೊಂಡು ಕೂರುವ ಹೆಣ್ಣನ್ನು ನೋಡಿ ಬಂದವರೆಲ್ಲ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಹೀಗೆ ನನಗೆ ಮೂವತ್ತೊಂದು ವರ್ಷ ತುಂಬಿತು.

ಆಗ ಭೀಮಶಿ ಬಂದ. ಈ ಊರಿನ ಟೇಲರ್. ಬಸ್ಸಿನ ಮೇಲೆ ಮಷೀನು ಹೇರಿಕೊಂಡು ಬೆಳಿಗ್ಗೆ ಬಂದು ಸಂಜೆ ಹೋಗುವವನು.

"ಹೊಲಿಗಿ ತಪ್ಪಾಕತ್ತೈತ್ರಿ," ಎಂದ.

ನಾನು ಕಣ್ಣು ಮುಚ್ಚಿ ಚಕ್ರ ತಿರುಗಿಸಿದೆ. ಸ್ವಲ್ಪ ಹೊತ್ತು ನೋಡಿ ಅವನು ಮೆಲ್ಲಗೆ ಕೇಳಿದ, "ನಿದ್ದಿ ಹತ್ತೇತೇನ್ರಿ ನಿಮಗ?"

"ನನಗ ನಿದ್ದಿ ಹತ್ತಿಲ್ಲ. ನಿಮ್ಮ ಶಟಲ್ಲಿನ ತಿರುಪು ಸಡ್ಲ ಆಗೇತಿ," ಎಂದೆ.

ಹದಿನೈದು ದಿನಕ್ಕೆ ಅದೇ ತಿರುಪು ಮತ್ತೆ ಸಡಿಲ. ಮತ್ತೆ ಹದಿನೈದು ದಿನಕ್ಕೆ ಅದೇ. ನಾಲ್ಕನೆಯ ಸಲ ನಾನು ಕಣ್ಣು ಬಿಟ್ಟೇ ಅವನನ್ನು ನೋಡಿ, "ಈ ತಿರುಪು ತಾನ ಸಡ್ಲ ಆಗಾಕತ್ತಿಲ್ಲ, ಯಾರೋ ಸಡ್ಲ ಮಾಡಾಕತ್ತಾರ," ಎಂದೆ. ಅವನ ಕಿವಿ ಕೆಂಪಾಯಿತು. ನಮ್ಮ ಮದುವೆ ಹೀಗೆ ಗೊತ್ತಾದದ್ದು.

ಮದುವೆಗೆ ಮೊದಲೇ ಅವನು ಎಲ್ಲ ಹೇಳಿದ್ದ, ಮುಚ್ಚಿಡಲಿಲ್ಲ. ಹೊರಗಿನಿಂದ ಬಂದು ಇಲ್ಲಿ ನೆಲೆಸುವವರು ತಮ್ಮ ಕೈಯಾರೆ ಒಂದು ಕಸಿ ಕಟ್ಟಬೇಕು. ಗಂಟು ಹಾಕಿದ ಕೂಡಲೇ ಕಿವಿ ಕಟ್ಟುತ್ತದೆ. ಕಸಿ ಕೂಡಿ ಚಿಗುರಿದರೆ ಬಿಡುತ್ತದೆ. ನಲವತ್ತು ದಿನದೊಳಗೆ ಚಿಗುರದಿದ್ದರೆ ಈ ಊರಲ್ಲಿ ಅವರ ಕಿವಿ ಮುಂದೆ ಎಂದೂ ಬಿಡುವುದಿಲ್ಲ. ಗಡಿಕಲ್ಲು ದಾಟಿ ಹೊರಟುಹೋದರೆ ಮಾತ್ರ ಮೊದಲಿನಂತೆ ಕೇಳುತ್ತದೆ. ಈ ಊರಿನವರ ಪಾಡು ಇದಕ್ಕೆ ಉಲ್ಟಾ. ಗಡಿಕಲ್ಲಿನ ಆಚೆ ಮೂರು ದಿನ ಇದ್ದರೆ ಅವರ ಕಿವಿ ಕಟ್ಟುತ್ತದೆ. ಎಂದರೆ ನನ್ನ ಕಸಿ ಚಿಗುರದಿದ್ದರೆ ಇಬ್ಬರಿಗೂ ಕಿವಿ ಕೇಳುವಂತೆ ನಾವು ಒಟ್ಟಿಗೆ ಬಾಳುವ ಜಾಗ ಎಲ್ಲೂ ಇರಲಿಲ್ಲ. ಭೀಮಶಿ ಇದನ್ನೆಲ್ಲ ಹೇಳುವಾಗ ಮೊಗ್ಗು, ಚಿಗುರು ಎಂದನೇ ಹೊರತು ಕಣ್ಣು ಎನ್ನಲಿಲ್ಲ. ಹೊರಗಿನವಳಿಗೆ ತಿಳಿಯಲಿ ಎಂದು ಪಾಪ ಸುಲಭ ಮಾಡಿ ಹೇಳಿದ್ದ.

ಇನ್ನು ನನ್ನ ಅತ್ತೆ. ಸೊಸೆಯಾದವಳು ಅತ್ತೆಯ ಹೆಸರು ಹೇಳುವ ಪದ್ಧತಿ ಇಲ್ಲ, ಹಾಗಾಗಿ ಸದ್ಯಕ್ಕೆ ಅತ್ತೆ ಎಂದೇ ಇರಲಿ. ಎತ್ತರದ ಹೆಂಗಸು, ಅರವತ್ತೆಂಟು ವರ್ಷ, ದೊಡ್ಡ ಗಂಟಲು. ಮಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನಾನು ಮನೆಗೆ ಬಂದ ಮರುದಿನವೇ ಮನೆಯ ಮಷೀನಿನ ಮುಂದೆ ಕಣ್ಣು ಮುಚ್ಚಿ ಕೂತದ್ದನ್ನು ನೋಡಿ ಓಣಿಗೆಲ್ಲ ಕೇಳುವಂತೆ, "ಏ ಭೀಮಶೀ, ನಿನ್ನ ಹೇಣ್ತಿ ಕುಂತಲ್ಲೇ ಮಲಗ್ಯಾಳ ನೋಡ!" ಎಂದು ಕೂಗಿದಳು. ನಾನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ. ನನ್ನದು ಸ್ವಲ್ಪ ಮುಂಗೋಪದ ಸ್ವಭಾವ, ಒಪ್ಪಿಕೊಳ್ಳುತ್ತೇನೆ.

ಕಸಿ ಕಟ್ಟುವ ದಿನ ತೋಟಕ್ಕೆ ಹೋದೆವು. ಕಸಿಯ ಕೆಲಸದಲ್ಲಿ ಊರಿಗೆ ಹಿರಿಯ ಎಂದರೆ ದಾವಲಸಾಬ. ಅವನು ಕಾಡುಬಳ್ಳಿಯ ಒಂದು ಬೇರುಗಿಡ ನೆಟ್ಟು ತಯಾರಿಟ್ಟಿದ್ದ. ಅದರ ಕಾಂಡದಲ್ಲಿ ನಾನೇ ಚಾಕು ಹಾಕಿ ಗಾಯ ಮಾಡಿದೆ. ಅತ್ತೆ ತನ್ನ ಬಳ್ಳಿಯಿಂದ ಒಂದು ಮೊಗ್ಗನ್ನು ತೊಗಟೆಯ ಸಮೇತ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಹಸರು ಹಸರಿಗಿ ಹತ್ತಬೇಕು ನೋಡವಾ, ಆ ತಾಯಿ ಈ ಮಗಳನ್ನ ಒಪ್ಪಬೇಕು," ಎಂದ ದಾವಲಸಾಬ. ನಾನು ಮೊಗ್ಗನ್ನು ಗಾಯದಲ್ಲಿ ಕೂರಿಸಿದೆ. ಸೂಜಿ ಕೂರಿಸಿದ ಕೈ ಅದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಲಿಲ್ಲ. ಇನ್ನು ಮೇಣ ಹಚ್ಚಿದ ಬಟ್ಟೆಯ ಪಟ್ಟಿಯಿಂದ ಕಟ್ಟುವುದು ಬಾಕಿ. ಕಟ್ಟುವಾಗ ದೃಷ್ಟಿ ತಾಗಬಾರದೆಂದು ಉಳಿದವರು ಬೆನ್ನು ತಿರುಗಿಸಿ ನಿಲ್ಲಬೇಕು. ಎಲ್ಲರೂ ತಿರುಗಿದರು. ತಿರುಗಿ ನಿಂತೇ ಅತ್ತೆ ತನ್ನ ದೊಡ್ಡ ಗಂಟಲಿನಲ್ಲಿ ಹೇಳಿದಳು, "ಏ ಸಾವಂತ್ರೀ, ಕಣ್ಣು ಬಿಟ್ಟು ಕಟ್ಟು!"

ನನಗೆ ಮೈಯೆಲ್ಲ ಉರಿಯಿತು. ನಾನು ಕಣ್ಣು ಮುಚ್ಚಿ ಕೆಲಸ ಮಾಡುತ್ತೇನೆ ಎಂದು ಆಡಿಕೊಳ್ಳಲು ಈ ಹೊತ್ತೇ ಬೇಕಾಗಿತ್ತೇ? ಆಯಿತು, ನೋಡಿಬಿಡು ಎಂದುಕೊಂಡು ಎರಡೂ ಕಣ್ಣು ಬೆಳ್ಳುಳ್ಳಿ ಗಡ್ಡೆಯಷ್ಟು ಅಗಲ ಬಿಟ್ಟುಕೊಂಡೆ. ಬಿಟ್ಟುಕೊಂಡೇ ಬುಡದಿಂದ ಸುತ್ತಲು ಶುರು ಮಾಡಿದೆ. ಬಾಬಿನ್ನಿಗೆ ನೂಲು ಸುತ್ತುವಂತೆ ಒತ್ತೊತ್ತಾಗಿ, ಎಲ್ಲೂ ಸಂದು ಕಾಣದ ಹಾಗೆ, ಮೊಗ್ಗಿನ ಮೇಲೂ ಎರಡು ಸುತ್ತು ಬಿಗಿಯಾಗಿ ಹಾಕಿ ಮೇಲೆ ಗಂಟು ಹಾಕಿದೆ. ಅಷ್ಟು ಚಂದದ ಕಟ್ಟನ್ನು ನಾನು ಅದಕ್ಕೆ ಮೊದಲು ಕಟ್ಟಿರಲಿಲ್ಲ. ಗಂಟು ಬಿಗಿಯಾದ ಕೂಡಲೇ ತೋಟದ ಗಿಳಿಗಳ ಗಲಾಟೆ ನಿಂತುಹೋಯಿತು. ಗಿಳಿಗಳು ಮಾತ್ರ ಅಲ್ಲೇ ಇದ್ದವು, ಬಾಯಿ ತೆರೆಯುತ್ತಿದ್ದವು. ಗಿಡದ ಮೇಲೆ ತೂತಿನ ಮಡಕೆ ಮಗುಚಿ ಮನೆಗೆ ಬಂದೆವು. ಚಿಗುರುವ ತನಕ ಆ ಮಡಕೆಯನ್ನು ಕಟ್ಟಿದವರಲ್ಲದೆ ಬೇರೆ ಯಾರೂ ಎತ್ತುವಂತಿಲ್ಲ.

ಮೊದಮೊದಲು ಸುಖವಾಗಿಯೇ ಇತ್ತು. ಅತ್ತೆಯ ಗಂಟಲು ಕೇಳದ ಮನೆ ಎಷ್ಟು ಚೆನ್ನ ಎಂದುಕೊಂಡೆ. ಅವಳು ಮಾತ್ರ ಮಾತು ನಿಲ್ಲಿಸಲಿಲ್ಲ. ರೊಟ್ಟಿ ಬಡಿಯುತ್ತ, ಪಾತ್ರೆ ತಿಕ್ಕುತ್ತ, ನನ್ನ ಕಡೆ ಮುಖ ಮಾಡಿ ದಿನವಿಡೀ ಬಾಯಿ ಆಡಿಸುತ್ತಿದ್ದಳು. ಕೇಳದವಳನ್ನೂ ಬಿಡದೆ ಬೈಯುತ್ತಾಳಲ್ಲ ಎಂದು ನಾನು ಗೋಡೆ ಕಡೆ ತಿರುಗಿ ಕೂರುತ್ತಿದ್ದೆ. ದಿನಾ ಬೆಳಿಗ್ಗೆ ನಾನು ಗಿಡಕ್ಕೆ ನೀರು ಹಾಕಿ ಬಂದ ಕೂಡಲೇ ಎದುರಿಗೆ ಬಂದು ನಿಲ್ಲುವಳು. ಒಂದು ಬೆರಳು ಕಣ್ಣಿನ ಹತ್ತಿರ ಹಿಡಿದು, ಮುಷ್ಟಿ ಮಾಡಿದ ಕೈಯನ್ನು ಅರಳಿಸಿ, ಹುಬ್ಬು ಎತ್ತುವಳು. ಮತ್ತೆ ಅದೇ, ಕಣ್ಣು ಬಿಡು ಕಣ್ಣು ಬಿಡು. ನಾನೂ ಬಿಡಲಿಲ್ಲ. ಕಣ್ಣು ಎಷ್ಟು ಅಗಲವಾಗುತ್ತದೋ ಅಷ್ಟು ಅಗಲ ಮಾಡಿ ಅವಳ ಮುಖದ ಹತ್ತಿರ ತಂದು ತೋರಿಸಿದೆ. ಅವಳು ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು.

ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ ಭೀಮಶಿ ತನ್ನ ಅಂಗಡಿಯಿಂದ ಒಂದು ತುಂಡು ಕರಿ ಬಟ್ಟೆ ತಂದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅದರ ಮೇಲೆ ಬರೆದ: "ಅವ್ವ ಕೇಳಾಕತ್ತಿದ್ದು ಬಳ್ಳಿ ಕಣ್ಣು. ನಿನ್ನ ಕಣ್ಣಲ್ಲ. ಅಕಿಗೆ ಅಂಜಿಕಿ ಬರಾಕತ್ತೇತಿ." ಬಳ್ಳಿಯ ಮೊಗ್ಗಿಗೆ ಕಣ್ಣು ಎನ್ನುತ್ತಾರೆಂದು ನನಗೆ ತಿಳಿದದ್ದು ಆಗಲೇ. ನಾಚಿಕೆಯೂ ಆಯಿತು, ನಗುವೂ ಬಂತು. ಅತ್ತೆಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಷ್ಟು ಗೊತ್ತಾದ ಮೇಲೂ ಕಸಿಯ ದಿನ ಅವಳು ಹೇಳಿದ ಮಾತಿನ ಅರ್ಥ ನನಗೆ ಹೊಳೆಯಲಿಲ್ಲ ನೋಡಿ. ಬೈಗುಳ ಎಂದು ಒಮ್ಮೆ ಎತ್ತಿಟ್ಟುಕೊಂಡ ಮಾತನ್ನು ಮತ್ತೆ ತೆಗೆದು ನೋಡುವ ಅಭ್ಯಾಸ ನನಗಿರಲಿಲ್ಲ. ಮೊಗ್ಗು ಚಿಗುರಿದರೆ ಕಟ್ಟನ್ನು ತಾನೇ ಸೀಳಿಕೊಂಡು ಬರುತ್ತದೆ ಎಂದುಕೊಂಡಿದ್ದೆ. ಊರಿನವರಿಗೋ, ಕಣ್ಣಿನ ಮೇಲೆ ಪಟ್ಟಿ ಸುತ್ತುವಂಥವರು ಲೋಕದಲ್ಲಿ ಇರಬಹುದು ಎಂಬ ಯೋಚನೆಯೇ ಬರಲಿಲ್ಲ.

ಇಪ್ಪತ್ತು ದಿನವಾಯಿತು. ಇಲ್ಲಿ ಹುಟ್ಟಿದ ಕೂಸಿಗೆ ಮನೆಯವರೇ ಕಸಿ ಕಟ್ಟುತ್ತಾರೆ; ನನಗಿಂತ ವಾರ ತಡವಾಗಿ ಕಟ್ಟಿದ ಅಂಥ ಒಂದು ಹಸುಗೂಸಿನ ಕಸಿ ಚಿಗುರಿತು. ಅವರ ಮನೆಯವರು ಓಣಿಗೆಲ್ಲ ಬೆಲ್ಲ ಹಂಚಿದರು. ನನ್ನದು ಹಾಗೇ ಇತ್ತು. ಕಟ್ಟಿನ ಮೇಲೆ ಒಂದು ಉಬ್ಬು ಕಾಣುತ್ತಿತ್ತು, ಅಷ್ಟೇ. ನಾನು ಬೆಲ್ಲ ನುಂಗಿ ನುಂಗಿ ಬಾಯಿ ಹುಣ್ಣು ಮಾಡಿಕೊಂಡೆ. ಬೇಕೆಂದೇ ಆಕಳಿಸಿದೆ. ಅಂಗಡಿಯಲ್ಲಿ ಮಷೀನುಗಳು ಬಂದು ಕೂತಿದ್ದವು, ನನಗೆ ಒಂದರ ರೋಗವೂ ತಿಳಿಯುತ್ತಿರಲಿಲ್ಲ. ಚಕ್ರ ತಿರುಗಿಸಿ ಕಣ್ಣು ಮುಚ್ಚಿದರೆ ಕತ್ತಲೆ ಮಾತ್ರ ಇತ್ತು. ಅಪ್ಪ ಕೊಟ್ಟದ್ದನ್ನೆಲ್ಲ ಕಳೆದುಕೊಂಡೆ ಎನ್ನಿಸಿ ಮಷೀನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಒಂದು ದಿನ ಸಿಟ್ಟಿನಲ್ಲಿ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಗ ಅದರ ತುದಿ ಓಡುವ ಮಷೀನಿಗೆ ತಾಗಿತು. ತಲೆಯೊಳಗೆ ಎಲ್ಲೋ ಆಳದಲ್ಲಿ ಗುಂಯ್ ಎಂದಿತು. ಬಾವಿಯ ತಳದಿಂದ ಬಂದ ಹಾಗೆ, ಯಾವ ಭಾಗದ್ದೆಂದು ತಿಳಿಯದ ಬರೀ ಗುಂಯ್. ಅದರಿಂದ ರಿಪೇರಿಗೆ ಏನೂ ಉಪಯೋಗವಿರಲಿಲ್ಲ. ಆದರೆ ಹಲ್ಲು, ಎಲುಬು ಹಿಡಿದುಕೊಂಡು ಸದ್ದು ಒಳಗೆ ಹೋಗುತ್ತಿತ್ತು. ಒಳಗೆ ಕೇಳುವವರು ಇದ್ದರು. ಬಾಗಿಲು ಮಾತ್ರ ಕಟ್ಟಿತ್ತು. ಅಂದಿನಿಂದ ದಿನಾ ಒಮ್ಮೆ ಸ್ಕ್ರೂಡ್ರೈವರ್ ಕಚ್ಚಿ ಆ ಗುಂಯ್ ಕೇಳಿಯೇ ಊಟಕ್ಕೆ ಏಳುತ್ತಿದ್ದೆ.

ಮೂವತ್ತೈದನೆಯ ದಿನ ನಾನು ಆಸೆ ಬಿಟ್ಟೆ. ನನ್ನ ಹತ್ಯಾರಿನ ಪೆಟ್ಟಿಗೆಯನ್ನು ಒರೆಸಿ, ಎಲ್ಲ ಸಾಮಾನು ತುಂಬಿ, ಬಾಗಿಲ ಹತ್ತಿರ ಇಟ್ಟೆ. ನಲವತ್ತು ಮುಗಿದ ಮರುದಿನ ಗಡಿಕಲ್ಲು ದಾಟುವುದು, ಭೀಮಶಿ ಮೊದಲಿನಂತೆ ಬೆಳಿಗ್ಗೆ ಬಂದು ಸಂಜೆ ಹೋಗಲಿ ಎಂದುಕೊಂಡೆ. ಭೀಮಶಿ ಪೆಟ್ಟಿಗೆ ನೋಡಿದ. ಅತ್ತೆಯೂ ಪೆಟ್ಟಿಗೆ ನೋಡಿದಳು.

ಮರುದಿನ ಬೆಳಿಗ್ಗೆ ಅವಳು ನನ್ನ ಕೈ ಹಿಡಿದು ತೋಟಕ್ಕೆ ಕರೆದೊಯ್ದಳು. ಒಂದು ಕೈಯಲ್ಲಿ ಗರಗಸ ಇತ್ತು. ತನ್ನ ಬಳ್ಳಿಯ ಮುಂದೆ ನಿಂತಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳೇ ಕಟ್ಟಿದ ಬಳ್ಳಿ, ತೊಡೆಯಷ್ಟು ದಪ್ಪ, ಚಪ್ಪರದ ತುಂಬ ಹಬ್ಬಿತ್ತು. ನಾನು ನೋಡುತ್ತಿದ್ದಂತೆ ಅವಳು ಮೊಣಕಾಲೂರಿ ಅದರ ಬುಡಕ್ಕೆ ಗರಗಸ ಹಾಕಿದಳು. ನಾನು ಬೇಡ ಎಂದು ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ದಾವಲಸಾಬ ಎಲ್ಲಿಂದಲೋ ಓಡಿ ಬಂದು ಕೈ ಬೀಸುತ್ತ ಏನೇನೋ ಹೇಳಿದ. ಅವಳು ಗರಗಸ ನಿಲ್ಲಿಸದೆಯೇ ಉತ್ತರ ಕೊಟ್ಟಳು. ಮಾತು ಮುಗಿಯುವಷ್ಟರಲ್ಲಿ ಬಳ್ಳಿ ಬಿದ್ದಿತ್ತು, ಅವಳ ಕಿವಿ ಕಟ್ಟಿತ್ತು. ಕತ್ತರಿಸಿದ ಬುಡದಿಂದ ನೀರು ಒಸರುತ್ತಿತ್ತು. ಹೀಗೆ ಬಳ್ಳಿ ಅತ್ತರೆ ಬೇರಿನಲ್ಲಿ ಜೀವ ಇದೆ ಎಂದರ್ಥವಂತೆ.

ಅವರಿಬ್ಬರ ನಡುವೆ ಆದ ಮಾತನ್ನು ಹಿಂದೆಯೇ ಬಂದ ಭೀಮಶಿ ಕರಿ ಬಟ್ಟೆಯ ಮೇಲೆ ಬರೆದು ತೋರಿಸಿದ. ದಾವಲಸಾಬ ಹೇಳಿದ್ದು: "ಅಕ್ಕಾ, ಈ ವಯಸ್ಸಿನಾಗ ಹೊಸ ಕಸಿ ಕೂಡೂದು ದೇವರಿಗೇ ಗೊತ್ತು. ಬಿಡಲಿಲ್ಲಂದ್ರ ಸಾಯೂತನ ಕಿವುಡಿ ಆಗಿ ಕುಂದ್ರತಿ." ಅದಕ್ಕೆ ಅತ್ತೆ ಹೇಳಿದ್ದು: "ಅಕಿ ಒಬ್ಬಾಕಿನ ಯಾಕ ಕುಂದ್ರಬೇಕು? ಅಕಿ ಇಲ್ಲೇ ಇರಾಕ ಒಪ್ಪಿದ್ರ ಅಕಿ ಜೋಡಿ ನಾನೂ ಇರ್ತೀನಿ. ಇಬ್ಬರೂ ಕೂಡಿ ಕೈ ಸನ್ನಿ ಮಾಡ್ಕೊಂತ ರೊಟ್ಟಿ ಬಡೀತೀವಿ."

ನಾನು ಆ ಅಕ್ಷರಗಳನ್ನು ಎರಡು ಸಲ ಓದಿದೆ. ಮೂವತ್ತಾರು ದಿನ ಗೋಡೆ ಕಡೆ ತಿರುಗಿ ಕೂತವಳಿಗೆ ಇದು ಎಲ್ಲಿಂದ ಬಂತು ಎಂದುಕೊಂಡೆ.

ಅತ್ತೆ ಕಸಿಗೆ ತಯಾರಾದಳು. ಕೆಡವಿದ ಬಳ್ಳಿಯಿಂದಲೇ ಒಂದು ಕಣ್ಣು ತೆಗೆದು, ಬುಡದಲ್ಲಿ ಉಳಿದ ಕಾಡುಬಳ್ಳಿಯ ಕಾಂಡದಲ್ಲಿ ಕೂರಿಸಿದಳು. ಗಂಡಸರು ಪದ್ಧತಿಯಂತೆ ಬೆನ್ನು ತಿರುಗಿಸಿದರು. ನಾನೂ ತಿರುಗಿದೆ. ಬೆನ್ನ ಮೇಲೆ ಒಂದು ಗುದ್ದು ಬಿತ್ತು. ತಿರುಗಿ ನೋಡಿದರೆ ಅತ್ತೆ ತನ್ನ ಕೈ ತೋರಿಸಿದಳು, ಬೆರಳು ನಡುಗುತ್ತಿದ್ದವು. ಪಟ್ಟಿಯ ತುದಿ ಹಿಡಿ ಎಂದು ಸನ್ನೆ ಮಾಡಿದಳು. ನಾನು ಕುಕ್ಕರಗಾಲಿನಲ್ಲಿ ಕೂತು ತುದಿ ಹಿಡಿದೆ. ಅವಳು ಸುತ್ತತೊಡಗಿದಳು. ಕಣ್ಣಿನ ಕೆಳಗೆ ಮೂರು ಸುತ್ತು. ಆಮೇಲೆ ಪಟ್ಟಿಯನ್ನು ಓರೆಯಾಗಿ ಎತ್ತಿ, ಕಣ್ಣನ್ನು ಬಳಸಿಕೊಂಡು, ಮೇಲೆ ಮೂರು ಸುತ್ತು. ನಡುವೆ ಆ ಕಂದು ಕಣ್ಣು ಕಿಟಕಿಯಲ್ಲಿ ಇಣುಕಿದಂತೆ ಹೊರಗೇ ಉಳಿಯಿತು. ಕಣ್ಣು ಬಿಟ್ಟು, ಕಟ್ಟಿದ್ದಳು.

ಪಟ್ಟಿಯ ತುದಿ ನನ್ನ ಕೈಯಿಂದ ಜಾರಿತು. ಮತ್ತೆ ಹಿಡಿದು, ಅವಳ ಗಂಟು ಬೀಳುವ ತನಕ ಹೇಗೋ ಕೂತಿದ್ದೆ. ಗಂಟು ಬಿದ್ದದ್ದೇ ಎದ್ದು ಓಡಿದೆ. ನನ್ನ ಮಡಕೆ ಎತ್ತಿ ಆಚೆ ಒಗೆದು, ಆ ಚಂದದ ಕಟ್ಟಿನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಮೇಲಿನ ಸುತ್ತು ಬಿಚ್ಚಿದೆ, ಇನ್ನೊಂದು ಬಿಚ್ಚಿದೆ. ಒಳಗೆ ನನ್ನ ಕಣ್ಣು ಇತ್ತು. ಬೆಳಕು ಕಾಣದೆ ಬಿಳಿಚಿಕೊಂಡು, ಒಂದು ಕಡೆ ಚಪ್ಪಟೆಯಾಗಿ, ಸಿಪ್ಪೆ ಬಿರಿದು ತುಪ್ಪಳ ಒದ್ದೆಯಾಗಿ, ಆದರೂ ಊದಿಕೊಂಡು ಬಾಗಿ ಬಾಗಿ ಜಾಗ ಹುಡುಕುತ್ತ ಜೀವಂತ ಇತ್ತು. ಕೆಳಗೆ ಗಾಯ ಪೂರ್ತಿ ಕೂಡಿತ್ತು. ತಾಯಿ ಎಂದೋ ಒಪ್ಪಿದ್ದಳು, ಬಾಗಿಲು ಕಟ್ಟಿದವಳು ನಾನು. ಹಿಂದೆ ಬಂದು ನಿಂತ ದಾವಲಸಾಬ ನನ್ನ ಕೈಯಲ್ಲಿದ್ದ ಪಟ್ಟಿಯನ್ನೂ ಆ ಕಣ್ಣನ್ನೂ ನೋಡಿ ಹಣೆ ಹಣೆ ಚಚ್ಚಿಕೊಂಡ. ನಾನು ಅತ್ತೆಯ ಕಾಲು ಹಿಡಿದೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ, ತಲೆ ಸವರಿದಳು.

ಮೂರು ದಿನ ಬಿಳಿಚಿದ ಕಣ್ಣು ಬಿಸಿಲು ಕುಡಿಯಿತು. ಮೊದಲ ದಿನ ಹಳದಿ, ಎರಡನೆಯ ದಿನ ಹಸಿರು, ತುದಿಯಲ್ಲಿ ಗುಲಾಬಿ. ಮೂವತ್ತೊಂಬತ್ತನೆಯ ದಿನ ಮಧ್ಯಾಹ್ನ ನಾನು ಅದರ ಮುಂದೆ ಬೆಲ್ಲ ಬಾಯಲ್ಲಿಟ್ಟುಕೊಂಡು ಕೂತಿದ್ದೆ. ಅತ್ತೆ ಎರಡು ಸಾಲು ಆಚೆ ತನ್ನ ಮಡಕೆಗೆ ನೀರು ಚಿಮುಕಿಸುತ್ತಿದ್ದಳು. ನನ್ನ ಕಣ್ಣಿನ ತುಪ್ಪಳ ಸರಿದು ಉಗುರಿನಷ್ಟು ಒಂದು ಎಲೆ ಮಡಿಕೆ ಬಿಚ್ಚಿತು. ನಾನು ನುಂಗಿದೆ. ಟಕ್.

ಮೊದಲು ಗಾಳಿ ಬಂತು. ಹಿಂದೆಯೇ, ಎರಡು ಸಾಲು ಆಚೆಯಿಂದ, ತನ್ನ ದನಿ ತನಗೇ ಕೇಳದೆ ತನ್ನ ಕಸಿಯ ಜೊತೆ ಜೋರಾಗಿ ಮಾತನಾಡುತ್ತಿದ್ದ ಅತ್ತೆಯ ಗಂಟಲು.

"ಸಾವಂತ್ರೀದು ಮೊದಲ ಬಿಡಲಿ. ನಿಂದೇನ ಅವಸರಿಲ್ಲ, ನೀ ಸಾವಕಾಶ ಬಿಡು. ಅಕಿ ಸಣ್ಣಾಕಿ, ಅಕಿಗೆ ಮಷೀನಿನ ಮಾತು ಕೇಳಬೇಕು. ಮೂವತ್ತೊಂಬತ್ತು ದಿನ ಆತು, ಸಾವಂತ್ರೀ ಚಾ ಕುಡೀ, ಸಾವಂತ್ರೀ ಉಣ್ಣು ಬಾ, ಸಾವಂತ್ರೀ ಅಳಬ್ಯಾಡವಾ ಅಂತ ಬಡ್ಕೊಂತ ಬಂದೀನಿ. ಕೇಳಲಿ ಬಿಡಲಿ, ಕಿವಿ ಕಟ್ಟಿದಾಕಿ ಕೂಡ ಮಾತು ಬಿಡಬಾರದಪಾ."

ನನ್ನ ಹೆಸರು ಹಾಗೆ ಕೇಳಿತು, ಒಂದಲ್ಲ ನಾಲ್ಕು ಸಲ. ನಾನು ಗೋಡೆ ಕಡೆ ತಿರುಗಿ ಕೂತಾಗೆಲ್ಲ ಅವಳು ಬೈಯುತ್ತಿದ್ದದ್ದು ಇದು. ಎದ್ದು ಹೋಗಿ ಅವಳನ್ನು ಹಿಂದಿನಿಂದ ಅಪ್ಪಿಕೊಂಡೆ. ಚೊಂಬು ಕೆಳಗೆ ಬಿತ್ತು, ಅದು ಬಿದ್ದ ಸದ್ದೂ ನನಗೆ ಕೇಳಿತು. ಅವಳು ನನ್ನ ಮುಖ ನೋಡಿ, ನನ್ನ ಕಿವಿ ಮುಟ್ಟಿ, ಹುಬ್ಬು ಎತ್ತಿದಳು. ನಾನು ಒಂದು ಬೆರಳು ಕಣ್ಣಿನ ಹತ್ತಿರ ಹಿಡಿದು ಮುಷ್ಟಿಯನ್ನು ಅರಳಿಸಿ ತೋರಿಸಿದೆ.

ಅಂದು ಸಂಜೆ ಹತ್ಯಾರಿನ ಪೆಟ್ಟಿಗೆ ಬಾಗಿಲಿನಿಂದ ಒಳಗೆ ಬಂತು. ಸುದ್ದಿ ಓಣಿಯಲ್ಲೆಲ್ಲ ಹಬ್ಬಿ, ನಾನು ಕಣ್ಣು ಬಿಟ್ಟುಕೊಂಡು ಕಟ್ಟಿದ್ದನ್ನು ಮಕ್ಕಳು ಆಡಿ ತೋರಿಸತೊಡಗಿದವು. ದಾವಲಸಾಬ ಮಾತ್ರ ನಗಲಿಲ್ಲ. "ತಪ್ಪು ನಿಂದಲ್ಲವಾ, ಮಾತಿಂದು. ನಮಗ ಒಳಗಿನವರಿಗಿ ಸರಿ ಇತ್ತು, ಹೊರಗಿನವರಿಗಿ ಸಾಲಲಿಲ್ಲ," ಎಂದ. ಅಂದಿನಿಂದ ಹೊಸಬರು ಕಸಿ ಕಟ್ಟುವಾಗ ಅವನು "ಕಣ್ಣು ಹೊರಗ ಬಿಟ್ಟು ಕಟ್ಟು" ಎಂದೇ ಹೇಳುತ್ತಾನೆ. ನಾನು ಈ ಊರಿಗೆ ತಂದುಕೊಟ್ಟ ವರದಕ್ಷಿಣೆ ಆ ಒಂದು 'ಹೊರಗ'.

ನನ್ನ ಕಿವಿ ಬಿಟ್ಟಿತು, ಅವಳದು ಕಟ್ಟಿಯೇ ಇತ್ತು. ಆ ದಿನಗಳಲ್ಲಿ ನಾನು ಅವಳ ಜೊತೆ ಒಂದು ಗಳಿಗೆಯೂ ಮಾತು ನಿಲ್ಲಿಸಲಿಲ್ಲ. ರೊಟ್ಟಿ ಬಡಿಯುತ್ತ ಹೇಳಿದೆ, ಮಷೀನು ಬಿಚ್ಚುತ್ತ ಹೇಳಿದೆ. ಬಾಗಲವಾಡದ ದರ್ಜಿಯ ಮಷೀನಿನಲ್ಲಿ ಜಿರಲೆ ಮನೆ ಮಾಡಿದ್ದನ್ನು ಹೇಳಿದೆ, ನನ್ನ ಅಪ್ಪನ ಸುದ್ದಿ ಹೇಳಿದೆ. ಮುಂಗೋಪದ ಮಾತುಗಳೂ ಇದ್ದವು, ಸುಳ್ಳು ಯಾಕೆ ಹೇಳಲಿ. ಅವಳು ನನ್ನ ಬಾಯಿ ನೋಡುತ್ತ ತಲೆ ಆಡಿಸುತ್ತಿದ್ದಳು. ಇಪ್ಪತ್ತು ದಿನ ಕಳೆಯಿತು, ಮೂವತ್ತು ಕಳೆಯಿತು. ದಾವಲಸಾಬ ದಿನಾ ಬಂದು ಅವಳ ಮುಖ ನೋಡಿ ಹೋಗುತ್ತಿದ್ದ. ನಾನು ಸ್ಕ್ರೂಡ್ರೈವರಿನ ಹಿಡಿಯನ್ನು ಅವಳ ಹಲ್ಲಿಗೆ ಕೊಟ್ಟು ತುದಿಯನ್ನು ಓಡುವ ಮಷೀನಿಗೆ ಹಿಡಿದೆ. ಅವಳ ಮುಖ ಅರಳಿತು. ಒಳಗೆ ಕೇಳುವವರು ಇದ್ದರು.

ಮೂವತ್ತೇಳನೆಯ ದಿನ ಅವಳು ಮಡಕೆ ಎತ್ತಿ ನೋಡಿ ನನ್ನ ಕಡೆ ಕೈ ಬೀಸಿದಳು. ಕಣ್ಣು ಬಿರಿಯುತ್ತಿತ್ತು. ನಾನು ಅವಳ ಬಾಯಿಗೆ ಬೆಲ್ಲ ಹಾಕಿದೆ. ಭೀಮಶಿ ಓಡಿ ಬಂದ. ಮೊದಲ ಮಾತು ಯಾರು ಹೇಳುವುದು? ಒಂಬತ್ತು ವರ್ಷದಿಂದ ಅವನೇ ಅವ್ವಾ ಎಂದು ಕೂಗಿ ನಡೆಸಿಕೊಂಡು ಬಂದಿದ್ದ. ನಾನು ಬೇಡ ಎಂದು ಅವನ ತೋಳು ಹಿಡಿದೆ.

"ಅತ್ತಿ ಹೆಸರು ಏನ್ರಿ?" ಎಂದು ಕೇಳಿದೆ. ಅಷ್ಟು ದಿನ ಆ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅವನು ಹೆತ್ತವ್ವನ ಹೆಸರು ಬಾಯಿಂದ ಹೇಳಲಾರದೆ, ಜೇಬಿನಿಂದ ಕರಿ ಬಟ್ಟೆ ತೆಗೆದು ಬರೆದ.

ಎಲೆ ಮಡಿಕೆ ಬಿಚ್ಚಿತು. ಅತ್ತೆ ಬೆಲ್ಲ ನುಂಗಿದಳು, ಅವಳ ದವಡೆ ಒಮ್ಮೆ ಅಲುಗಿತು. ನಾನು ಅವಳ ಕಿವಿಯ ಹತ್ತಿರ ಬಗ್ಗಿ, ಸೊಸೆಯಂತಲ್ಲ, ಜೊತೆಯಲ್ಲಿ ಆಡಿದ ಗೆಳತಿಯಂತೆ ಕರೆದೆ.

"ನೀಲಗಂಗಾ!"

ಅವಳು ಬೆಚ್ಚಿ ತಿರುಗಿದಳು. ಹುಬ್ಬು ಗಂಟಾಯಿತು. "ಯಾಕವಾ, ಮೈಯಾಗ ಹ್ಯಾಂಗೈತಿ? ಅತ್ತಿ ಹೆಸರು ಹಿಡಿದು ಕರೀತಿ ಏನು?" ಎಂದು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಕಣ್ಣಿನಿಂದ ನೀರು ಇಳಿಯಿತು. ಅವಳು ಆ ಕೈಯನ್ನೇ ನನ್ನ ಕೆನ್ನೆಗೆ ಇಟ್ಟಳು.

"ಇನ್ನೊಮ್ಮೆ ಕರಿ," ಎಂದಳು.